ಬಾನೆಟ್ ಮೇಲಿನ ಬಾವಲಿ ಹಿಕ್ಕೆ: ಉಜ್ಜಬೇಡಿ, ನೆನೆಯಲು ಬಿಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆ ಮುಂದೆ ದೊಡ್ಡ ನೇರಳೆ ಮರ ಇದೆ, ಪಕ್ಕದಲ್ಲೇ ಅತ್ತಿ ಮರ. ಕಾರು ನಿಲ್ಲಿಸಲು ಬೇರೆ ಜಾಗ ಇಲ್ಲ. ಹಣ್ಣಿನ ಕಾಲದಲ್ಲಿ ರಾತ್ರಿಯಿಡೀ ಬಾವಲಿ, ಹಗಲು ಹಕ್ಕಿ. ಬಿಳಿ ಕಾರಿನ ತುಂಬ ಹಿಕ್ಕೆ, ನೇರಳೆ ಕಲೆ. ಒಣಗಿದ ಮೇಲೆ ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ. ಕೊನೆಗೆ ಪಾತ್ರೆ ಉಜ್ಜುವ ಸ್ಕ್ರಬ್ಬರ್ ಹಾಕಿದೆ. ಕಲೆ ಸ್ವಲ್ಪ ಹೋಯಿತು, ಆದರೆ ಆ ಜಾಗವೆಲ್ಲ ಮಂಕಾಗಿದೆ. ಏನು ಮಾಡಲಿ?
— ಅಡಿಕೆ ಬೆಳೆಗಾರರೊಬ್ಬರು

ಉತ್ತರ: ಸರ್, ಮೊದಲು ಆ ಸ್ಕ್ರಬ್ಬರ್ ನಿಲ್ಲಿಸಿ. ಶಿವಮೊಗ್ಗದ ನಮ್ಮ ಪೇಂಟಿಂಗ್ ಶೆಡ್ಡಿಗೆ ಬರುವ ಕಾರುಗಳಲ್ಲಿ ಹಿಕ್ಕೆಯಿಂದ ಕೆಟ್ಟಿದ್ದಕ್ಕಿಂತ, ಹಿಕ್ಕೆ ತೆಗೆಯಲು ಹೋಗಿ ಕೆಟ್ಟಿದ್ದೇ ಜಾಸ್ತಿ. ನೋಡಿದಾಗ ಬೇಜಾರಾಗುತ್ತದೆ. ಅರ್ಧ ಗಂಟೆ ತಾಳ್ಮೆ ಇದ್ದಿದ್ದರೆ ಸಾಕಿತ್ತು ಅನಿಸುತ್ತದೆ.

ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪದರ ಇರುತ್ತದೆ. ಹೊಳಪು ಬರುವುದು ಅದರಿಂದಲೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತ ತೆಳು. ಹಕ್ಕಿಗಳು ಉಚ್ಚೆ ಬೇರೆ, ಹಿಕ್ಕೆ ಬೇರೆ ಹಾಕುವುದಿಲ್ಲ. ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗವೇ ಅವುಗಳ ಉಚ್ಚೆ, ಅದು ಯೂರಿಕ್ ಆಮ್ಲ. ಬಿಸಿಲಿಗೆ ಬಾನೆಟ್ ಕಾದಾಗ ಕ್ಲಿಯರ್ ಕೋಟ್ ಸ್ವಲ್ಪ ಮೆದುವಾಗಿ ಹಿಗ್ಗುತ್ತದೆ. ಮೇಲೆ ಹಿಕ್ಕೆ ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಸಂಜೆ ತಣ್ಣಗಾಗುವಾಗ ಆ ಪದರ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ. ಹಾಗಾಗಿ ತೊಳೆದ ಮೇಲೂ ಉಳಿಯುವ ಗುರುತು ಎಷ್ಟೋ ಸಲ ಕೊಳೆಯೇ ಅಲ್ಲ, ಮೇಲ್ಮೈಯಲ್ಲೇ ಬಿದ್ದ ಅಚ್ಚು. ಅದನ್ನು ಉಜ್ಜಿ ತೆಗೆಯಲು ಆಗಲ್ಲ.

ಬಾವಲಿ ಹಿಕ್ಕೆಯಲ್ಲಿ ಇನ್ನೊಂದು ತೊಂದರೆ ಇದೆ. ಅತ್ತಿ ಹಣ್ಣು ತಿಂದ ಬಾವಲಿಯ ಹಿಕ್ಕೆಯನ್ನು ನೆನೆಸಿ ಬೆರಳ ತುದಿಯಲ್ಲಿ ಹಿಡಿದು ನೋಡಿ (ಗ್ಲೌಸ್ ಹಾಕಿಕೊಂಡೇ). ಮರಳಿನ ಹಾಗೆ ಸಣ್ಣ ಬೀಜ ಸಿಗುತ್ತದೆ. ಒಣ ಬಟ್ಟೆಯಲ್ಲಿ ಒರೆಸುವುದು ಅಂದರೆ ಆ ಬೀಜಗಳನ್ನು ಬಣ್ಣದ ಮೇಲೆ ಎಳೆದಾಡಿದ ಹಾಗೆ. ಸಾಲದ್ದಕ್ಕೆ ಬಾವಲಿ ಹಣ್ಣಿನ ರಸ ಹೀರಿ ನಾರನ್ನು ಉಗಿಯುತ್ತದೆ. ಅದು ಅಂಟಂಟಾಗಿ ಕೂರುತ್ತದೆ.

ಹೀಗೆ ಮಾಡಿ. ಬೆಳಿಗ್ಗೆ ಬೇಗ, ಬಾನೆಟ್ ತಣ್ಣಗಿರುವಾಗ ಶುರು ಮಾಡಿ. ಹಳೆಯ ಕಾಟನ್ ಬನಿಯನ್ ತುಂಡು ಸಾಕು. ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಕಾರ್ ಶಾಂಪೂ ಹಾಕಿ, ಬಟ್ಟೆಯನ್ನು ಅದ್ದಿ, ಹಿಂಡದೆ ಹಿಕ್ಕೆಯ ಮೇಲೆ ಹಾಸಿ. 10ರಿಂದ 15 ನಿಮಿಷ ಬಿಡಿ. ಒಣಗುತ್ತಾ ಬಂದರೆ ಮೇಲಿಂದ ಇನ್ನಷ್ಟು ನೀರು ಬಿಡಿ. ಆಮೇಲೆ ಬಟ್ಟೆಯನ್ನು ಎಳೆಯಬೇಡಿ, ನೇರ ಮೇಲಕ್ಕೆ ಎತ್ತಿ. ತಿರುಗಿಸಿ ನೋಡಿದರೆ ನೇರಳೆ ಬಣ್ಣ, ನಾರು, ಬೀಜ ಎಲ್ಲ ಬಟ್ಟೆಗೇ ಬಂದಿರುತ್ತದೆ. ಉಳಿದಿದ್ದಕ್ಕೆ ಬಟ್ಟೆಯ ಬೇರೆ ಭಾಗ ಹಾಕಿ ಮತ್ತೆ ನೆನೆಸಿ. ಮೂರು ಸಲ ಬೇಕಾದರೂ ಮಾಡಿ. ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ತೊಳೆದು, ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ನೀರು ತೆಗೆಯಿರಿ. ಆಮೇಲೂ ಬಣ್ಣ ಉಳಿದರೆ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಹತ್ತಿಯಲ್ಲಿ ಹಗುರವಾಗಿ ಒತ್ತಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಮಾತ್ರ ಇದು ಬೇಡ.

ಪಾತ್ರೆ ತೊಳೆಯುವ ಸೋಪು ಕಾರಿಗೆ ಹಾಕಿದ ವ್ಯಾಕ್ಸನ್ನು ತೆಗೆದುಬಿಡುತ್ತದೆ. ಥಿನ್ನರ್ ಅಂತೂ ಹತ್ತಿರ ತರಲೇಬೇಡಿ, ಬಣ್ಣವೇ ಕರಗುತ್ತದೆ.

ಒಣಗಿದ ಬಾವಲಿ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸುವುದು, ಕೆರೆಯುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಅದರ ಧೂಳು ಉಸಿರಿನಲ್ಲಿ ಹೋದರೆ ಕಾಯಿಲೆ ಬರಬಹುದು. ಮೊದಲು ನೀರು, ಆಮೇಲೆ ಕೈ. ಮಾಸ್ಕ್ ಇರಲಿ.

ಇನ್ನು ನೀವು ಉಜ್ಜಿದ ಜಾಗ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಕಾರು ನಿಲ್ಲಿಸಿ, ಬಾನೆಟ್‌ನಲ್ಲಿ ಅದರ ಬಿಂಬ ನೋಡಿ. ಗೆರೆ ನೇರವಾಗಿ ಬಂದು, ಸುತ್ತ ಸಣ್ಣ ಗೀರು ಮಾತ್ರ ಕಂಡರೆ ಒಂದು ಪಾಲಿಶ್‌ನಲ್ಲಿ ಸರಿಹೋಗುತ್ತದೆ. ಗೆರೆ ಒಡೆದು ಹಾಲು ಚೆಲ್ಲಿದ ಹಾಗೆ ಕಂಡರೆ, ಅಥವಾ ಉಗುರಿಗೆ ಗೀರು ಸಿಕ್ಕಿದರೆ, ತಿಳಿದವರಿಗೆ ತೋರಿಸಿ. ಪಾಲಿಶ್ ಅಂದರೆ ಆ ತೆಳು ಪದರವನ್ನೇ ಇನ್ನಷ್ಟು ಸವೆಸುವುದು, ಮರೆಯಬೇಡಿ. ಪ್ರತಿ ವರ್ಷ ರಬ್ಬಿಂಗ್ ಮಾಡಿಸುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಮರ ಕಡಿಯುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅಂಗಳದಲ್ಲಿ ಅಡಿಕೆ ಒಣಗಿಸಲು ಚಪ್ಪರ ಹಾಕುತ್ತೀರಲ್ವಾ, ಅದೇ ರೀತಿ ನಾಲ್ಕು ಕಂಬ ನೆಟ್ಟು, ಮೇಲೆ ತಗಡೋ ಸೋಗೆಯೋ ಹಾಕಿ. ಪ್ಲಾಸ್ಟಿಕ್ ಕವರ್ ಬೇಡ. ನಮ್ಮ ಮಳೆಗೆ ಒಳಗೆ ತೇವ ನಿಲ್ಲುತ್ತದೆ, ಗಾಳಿಗೆ ಧೂಳಿನ ಸಮೇತ ಬಣ್ಣವನ್ನು ಉಜ್ಜುತ್ತದೆ. ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕಿದರೆ ಹಿಕ್ಕೆ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗುವವರೂ ಇದನ್ನು ನೆನಪಿಡಿ. ಬೆಳ್ಳಕ್ಕಿ, ನೀರುಕಾಗೆ ಮೀನು ತಿನ್ನುವ ಹಕ್ಕಿಗಳು. ಅವುಗಳ ಹಿಕ್ಕೆ ಸುಣ್ಣದ ಹಾಗೆ ಹಿಡಿಯುತ್ತದೆ. ಒಂದು ಬಾಟಲಿ ನೀರು, ಒಂದು ಬಟ್ಟೆ ಡಿಕ್ಕಿಯಲ್ಲಿರಲಿ. ಬಿದ್ದ ಕೂಡಲೇ ನೆನೆಸಿದರೆ ಎರಡು ನಿಮಿಷದ ಕೆಲಸ.

ಪ್ರಶ್ನೆ: ಕಾರಿನ ಮೇಲೆ ಸಾಸಿವೆ ಗಾತ್ರದ ಹಳದಿ ಚುಕ್ಕೆಗಳು ಬೀಳುತ್ತಿವೆ. ಮರದ ಅಂಟು ಅಂದುಕೊಂಡೆ, ಆದರೆ ಮೇಲೆ ಮರವೇ ಇಲ್ಲ. ಇದೇನು?
— ಓದುಗರೊಬ್ಬರು, ಸಾಗರ

ಉತ್ತರ: ಜೇನಿನ ಹಿಕ್ಕೆ. ಹತ್ತಿರದಲ್ಲಿ ಎಲ್ಲೋ ಹೆಜ್ಜೇನು ಕಟ್ಟಿರಬೇಕು. ಹೆಜ್ಜೇನು ಗುಂಪಾಗಿ ಹಾರಿ ಒಟ್ಟಿಗೇ ಹಿಕ್ಕೆ ಹಾಕುತ್ತದೆ. 1980ರ ದಶಕದಲ್ಲಿ ಲಾವೋಸ್ ಕಡೆ ಬಿದ್ದ ‘ಹಳದಿ ಮಳೆ’ಯನ್ನು ಅಮೆರಿಕ ಸರ್ಕಾರ ರಾಸಾಯನಿಕ ಅಸ್ತ್ರ ಅಂದಿತ್ತು. ಹಾರ್ವರ್ಡ್‌ನ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೊತೆಯವರು ಆ ಚುಕ್ಕೆಗಳಲ್ಲಿ ಇರುವುದು ಹೂವಿನ ಪರಾಗ, ಅದು ಜೇನಿನ ಹಿಕ್ಕೆ ಎಂದು ವಾದಿಸಿದರು. ನಿಮ್ಮ ಕಾರಿನ ಮೇಲಿರುವುದೂ ಅದೇ. ಪರಾಗದ ಹೊರಗಿನ ಸಿಪ್ಪೆ ಬಹಳ ಗಟ್ಟಿ, ಹಾಗಾಗಿ ಬರೀ ಮಳೆಗೆ ಹೋಗಲ್ಲ. ಮೇಲೆ ಹೇಳಿದ ಹಾಗೆ ನೆನೆಸಿ, ಸ್ವಲ್ಪ ಜಾಸ್ತಿ ಹೊತ್ತು ಬಿಡಿ.

ಪ್ರಶ್ನೆ: ರಾತ್ರಿ ಆಗುಂಬೆ ಕಡೆಯಿಂದ ಬಂದರೆ ಬಂಪರ್, ಹೆಡ್‌ಲೈಟ್ ತುಂಬ ಹುಳ ಅಂಟಿರುತ್ತದೆ.
— ಟ್ಯಾಕ್ಸಿ ಚಾಲಕರು, ಶಿವಮೊಗ್ಗ

ಉತ್ತರ: ಮನೆಗೆ ಬಂದ ರಾತ್ರಿಯೇ ಒದ್ದೆ ಬಟ್ಟೆ ಹಾಸಿ. ಬೆಳಿಗ್ಗೆವರೆಗೆ ಬಿಟ್ಟರೆ ಕೆಲಸ ಎರಡರಷ್ಟು. ಗಾಜಿನ ಮೇಲಿನ ಹುಳಕ್ಕೆ ಒಣ ವೈಪರ್ ಹಾಕಬೇಡಿ, ಕೊಬ್ಬು ಹರಡಿ ಎದುರಿನ ಗಾಡಿಯ ಲೈಟಿಗೆ ಏನೂ ಕಾಣಲ್ಲ. ಹೆಡ್‌ಲೈಟ್ ಈಗ ಗಾಜಲ್ಲ, ಪ್ಲಾಸ್ಟಿಕ್, ಬೇಗ ಗೀರು ಬೀಳುತ್ತದೆ. ರೇಡಿಯೇಟರ್ ಜಾಲರಿಗೆ ಸಿಕ್ಕ ಹುಳ ತೆಗೆಯಲು ಪ್ರೆಶರ್ ನೀರನ್ನು ಹತ್ತಿರದಿಂದ ಹೊಡೆಸಬೇಡಿ. ತೆಳು ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಂಡು ಗಾಳಿ ಹೋಗುವ ದಾರಿ ಮುಚ್ಚುತ್ತವೆ. ಎಂಜಿನ್ ತಣ್ಣಗಾದ ಮೇಲೆ ಸಾದಾ ಪೈಪ್ ನೀರು ಸಾಕು.