ಓದುಗರ ಪ್ರಶ್ನೆ: ಹಾರ್ಪಿ ಹದ್ದು ನಮ್ಮ ಘಟ್ಟದಲ್ಲಿದೆಯೇ?

ಪ್ರಶ್ನೆ: ಕೋತಿಯನ್ನು ಹಿಡಿದೊಯ್ಯುವ ಹಾರ್ಪಿ ಹದ್ದಿನ ವಿಡಿಯೊ ನೋಡಿದೆ. ಈ ಹಕ್ಕಿ ಪಶ್ಚಿಮ ಘಟ್ಟದಲ್ಲಿಯೂ ಇದೆಯೇ? ಅಷ್ಟು ದೊಡ್ಡ ಹಕ್ಕಿ ದಟ್ಟ ಕಾಡಿನೊಳಗೆ ಹೇಗೆ ಹಾರುತ್ತದೆ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಇಲ್ಲ, ಹಾರ್ಪಿ ಹದ್ದು ಭಾರತದ ಹಕ್ಕಿಯಲ್ಲ. ಮೆಕ್ಸಿಕೊದ ದಕ್ಷಿಣ ಭಾಗದಿಂದ ಅರ್ಜೆಂಟೀನಾದ ಉತ್ತರದವರೆಗೆ ಹಬ್ಬಿರುವ ಮಳೆಕಾಡುಗಳು ಅದರ ನೆಲೆ. ಪನಾಮಾ ದೇಶಕ್ಕೆ ಅದು ರಾಷ್ಟ್ರಪಕ್ಷಿ.

ನಮ್ಮ ಕೆ.ಆರ್. ಮಾರುಕಟ್ಟೆಯ ಮೇಲೆ ಸುತ್ತುವ ಹದ್ದು ಒಂದು ಕಿಲೊ ತೂಗುವುದೂ ಅಪರೂಪ. ಹಾರ್ಪಿಯ ಹೆಣ್ಣು 6ರಿಂದ 9 ಕಿಲೊ ತೂಗುತ್ತದೆ, ಗಂಡು 4ರಿಂದ 5 ಕಿಲೊ. ಇಷ್ಟು ಭಾರದ ಮೈಗೆ ಸುಮಾರು 2 ಮೀಟರ್ ಹರವಿನ ರೆಕ್ಕೆ ಚಿಕ್ಕದೆಂದೇ ಹೇಳಬೇಕು, ಮತ್ತು ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ: ಗಿಡ್ಡವೂ ಅಗಲವೂ ಆದ ರೆಕ್ಕೆ, ಚುಕ್ಕಾಣಿಯಂತೆ ತಿರುಗಿಸಬಲ್ಲ ಉದ್ದನೆಯ ಬಾಲ, ಇವೆರಡರ ಬಲದಿಂದ ಅದು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ. ಆಕಾಶದಲ್ಲಿ ತೇಲುತ್ತಾ ಬೇಟೆ ಹುಡುಕುವುದು ಅದರ ರೂಢಿಯಲ್ಲ. ಮರದಲ್ಲಿ ಸದ್ದಿಲ್ಲದೆ ಬಹಳ ಹೊತ್ತು ಕುಳಿತು, ಕಣ್ಣಿನಷ್ಟೇ ಕಿವಿಯನ್ನೂ ನೆಚ್ಚಿ ಕಾಯುತ್ತದೆ. ಮುಖದ ಸುತ್ತಲಿನ ಗರಿಗಳನ್ನು ಎತ್ತಿದಾಗ ಅವು ಗೂಬೆಯ ಮುಖದಲ್ಲಿರುವಂತೆ ಶಬ್ದವನ್ನು ಕಿವಿಯತ್ತ ಸೇರಿಸುತ್ತವೆ ಎಂದು ತಜ್ಞರು ಭಾವಿಸುತ್ತಾರೆ. ಕೊಂಬೆಗೆ ಜೋತುಬಿದ್ದು ನಿಧಾನವಾಗಿ ಚಲಿಸುವ ಸ್ಲಾತ್ ಎಂಬ ಪ್ರಾಣಿ ಮತ್ತು ಕೋತಿಗಳು ಅದರ ಮುಖ್ಯ ಆಹಾರ.

ಆದರೆ ನನ್ನ ಮಟ್ಟಿಗೆ, ಉಗುರಿನ ಬಲಕ್ಕಿಂತ ಅದು ಮರಿ ಸಾಕುವ ಬಗೆಯೇ ಹೆಚ್ಚು ತಿಳಿಯತಕ್ಕದ್ದು. ಲಾಲ್‌ಬಾಗಿನ ಕೆರೆಯ ಬಳಿ ಹಲಗೆಯಂಥ ಬೇರುಗಳನ್ನು ಚಾಚಿ ನಿಂತಿರುವ ಹಳೆಯ ಬಿಳಿ ಬೂರುಗದ ಮರವನ್ನು ನೀವು ನೋಡಿರಬಹುದು. ಅದೇ ಜಾತಿಯ ಮರಗಳು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ಉಳಿದೆಲ್ಲ ಮರಗಳನ್ನು ಮೀರಿ ಬೆಳೆಯುತ್ತವೆ. ಅವುಗಳ ಎತ್ತರದ ಕವಲಿನಲ್ಲಿ ಹಾರ್ಪಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ಅದನ್ನೇ ವರ್ಷಗಟ್ಟಲೆ ಬಳಸುತ್ತದೆ. ಸಾಮಾನ್ಯವಾಗಿ ಇಡುವುದು 2 ಮೊಟ್ಟೆ, ಬೆಳೆಯುವುದು ಒಂದೇ ಮರಿ. ಸುಮಾರು 8 ವಾರ ಕಾವು ಕೊಟ್ಟ ಮೇಲೆ ಹುಟ್ಟುವ ಈ ಮರಿ ಹಾರಲು ಕಲಿಯುವುದಕ್ಕೆ 5–6 ತಿಂಗಳು ಬೇಕು, ಆಮೇಲೂ ಅನೇಕ ತಿಂಗಳು ಗೂಡಿನ ಸುತ್ತಲೇ ಇದ್ದು ತಂದೆತಾಯಿ ತರುವ ಆಹಾರಕ್ಕೆ ಕಾಯುತ್ತದೆ. ಹಾಗಾಗಿ ಒಂದು ಜೋಡಿ 2–3 ವರ್ಷಕ್ಕೊಮ್ಮೆ ಮಾತ್ರ ಮರಿ ಮಾಡುತ್ತದೆ.

ಮರ ಕಡಿಯುವವರ ಕಣ್ಣು ಮೊದಲು ಬೀಳುವುದು ಇಂಥ ಎತ್ತರದ ಮರಗಳ ಮೇಲೆಯೇ. ಕಾಡು ಹೊಲವೋ ಹುಲ್ಲುಗಾವಲೋ ಆದಲ್ಲಿ ಗೂಡಿನ ಜೊತೆಗೆ ಆಹಾರವೂ ಹೋಗುತ್ತದೆ, ಗುಂಡಿಗೆ ಬಲಿಯಾಗುವ ಹದ್ದುಗಳೂ ಇವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2021ರಲ್ಲಿ ಹಾರ್ಪಿಯನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿತು.