ಎಚ್-4ರಲ್ಲಿ ಕುಳಿತರೆ ಪ್ರೋಗ್ರಾಮಿಂಗ್ ಮರೆತುಹೋಗುತ್ತದೆಯೇ?

ಬೆಂಗಳೂರಿನ ಜಾವಾ ಪ್ರೋಗ್ರಾಮಿಂಗ್ ಕೆಲಸ ಬಿಟ್ಟು, ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಹೊರಟರೆ ಕಲಿತ ವಿದ್ಯೆ ಕೈಬಿಟ್ಟು ಹೋಗುತ್ತದೆಯೇ ಎಂದು ಸಾಗರದಿಂದ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ಇದೇ ದಾರಿಯಲ್ಲಿ ಬಂದು, ಕೆಲವು ವರ್ಷ ಕೆಲಸವಿಲ್ಲದೆ ಇದ್ದು, ಈಗ ಮತ್ತೆ ಪ್ರೋಗ್ರಾಮಿಂಗ್‌ನಲ್ಲೇ ಇದ್ದೇನೆ. ವಿದ್ಯೆ ಹೋಗುವುದಿಲ್ಲ, ಧೈರ್ಯವಾಗಿರಿ.

ಮರೆಯುವುದು ಹೆಸರುಗಳು. ನಾನು ಬಿಟ್ಟಾಗ ಜಾವಾ 8ರ ಕಾಲ. ಮತ್ತೆ ಹಿಡಿಯುವ ಹೊತ್ತಿಗೆ, ಜಾವಾ ಪ್ರೋಗ್ರಾಂ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್‌ನ 3ನೇ ಆವೃತ್ತಿ ಬಂದಿತ್ತು. ಅದಕ್ಕೆ ಕನಿಷ್ಠ ಜಾವಾ 17 ಬೇಕು. ಹಳೆಯ ಕೋಡನ್ನು ಅದರಲ್ಲಿ ಓಡಿಸಿದರೆ ಪರದೆಯ ತುಂಬ ಕೆಂಪು ಸಾಲು. 'ಜಾವಾಎಕ್ಸ್' ಎಂದು ಶುರುವಾಗುತ್ತಿದ್ದ ಎಷ್ಟೋ ಪ್ಯಾಕೇಜುಗಳ (ಸಿದ್ಧ ಕೋಡಿನ ಕಟ್ಟುಗಳ) ಹೆಸರು 'ಜಕಾರ್ತಾ' ಎಂದಾಗಿತ್ತು. ಎದೆ ಧಸಕ್ಕೆಂದಿತು. ಆದರೆ ಮೊದಲ ದೋಷವನ್ನು ಓದಿ, ಅದೊಂದನ್ನೇ ಸರಿಪಡಿಸಿ, ಮತ್ತೆ ಓಡಿಸಿ ನೋಡುವ ಅಭ್ಯಾಸ ತಾನಾಗಿ ಮರಳಿತು. ಮಳೆಗಾಲವೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಟ್ಟದವರೂ ಅಡಿಕೆ ಕೊಯ್ಲಿಗೆ ಸ್ವಲ್ಪ ಹೊತ್ತು ತಡವರಿಸಿ ಹದಕ್ಕೆ ಬರುವುದಿಲ್ಲವೇ, ಹಾಗೆ.

ನಿಮ್ಮ ವಿಷಯದಲ್ಲಿ ನನ್ನ ಚಿಂತೆಯೆಲ್ಲ ವೀಸಾದ್ದು. ಎಚ್-4ರಲ್ಲಿ ಬಂದೊಡನೆ ಕೆಲಸ ಮಾಡುವಂತಿಲ್ಲ. 2015ರ ಮೇ ತಿಂಗಳಿಂದ ಕೆಲಸದ ಪರವಾನಗಿ ಕೊಡುತ್ತಿದ್ದಾರೆ ನಿಜ, ಆದರೆ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾದ ಮೇಲೆ. ಕಂಪನಿ ಆ ಅರ್ಜಿಯನ್ನು ಯಾವಾಗ ಹಾಕುತ್ತದೆ ಎಂದು ವಿಮಾನ ಹತ್ತುವ ಮೊದಲೇ ಯಜಮಾನರಿಂದ ಕೇಳಿಸಿ. ಸಂಕೋಚ ಬೇಡ, ಇದು ನಿಮ್ಮ ಬದುಕಿನ ಪ್ರಶ್ನೆ. ಬೆಂಗಳೂರಿನ ಕಂಪನಿಗೆ ಅಮೆರಿಕದಿಂದಲೇ ಸಂಬಳಕ್ಕೆ ದುಡಿಯುವ ಯೋಚನೆಯಿದ್ದರೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಓದಲು ಮಾತ್ರ ಅಡ್ಡಿಯಿಲ್ಲ. ಕಮ್ಯುನಿಟಿ ಕಾಲೇಜಿಗೆ ಸೇರಬಹುದು.

ಕಾಯುವ ವರ್ಷಗಳಲ್ಲಿ ಪಾಠದ ವಿಡಿಯೊ ನೋಡುತ್ತಾ ಕೂರಬೇಡಿ. ಬರೀ ನೋಡಿದ್ದು ಕೈಗೆ ಹತ್ತುವುದಿಲ್ಲ. ಮನೆಯವರು ದಿನವೂ ಬಳಸುವಂಥ ಸಣ್ಣ ಪ್ರೋಗ್ರಾಂ ಒಂದನ್ನು ಬರೆಯಿರಿ. ನಾನು ಅಪ್ಪಯ್ಯನ ಅಡಿಕೆ ಮಂಡಿಯ ಲೆಕ್ಕಕ್ಕೆ ಬರೆದೆ: ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳು, ಒಂದೊಂದರ ತೂಕ, ಆ ದಿನದ ಶಿವಮೊಗ್ಗ ದರ, ಮಂಡಿಯಿಂದ ಪಡೆದ ಮುಂಗಡ. ಒಂದೇ ಚೀಟಿಯಲ್ಲಿ ರಾಶಿ ಎರಡು ದರಕ್ಕೆ ಹೋದ ದಿನ ಡೇಟಾಬೇಸಿನ ವಿನ್ಯಾಸವನ್ನೇ ಬದಲಿಸಬೇಕಾಯಿತು. 'ಬಾಕಿ ತಾಳೆಯಾಗುತ್ತಿಲ್ಲ' ಎಂದು ಅಪ್ಪಯ್ಯ ಫೋನು ಮಾಡಿದರೆ ಎಷ್ಟು ಹೊತ್ತಾದರೂ ಕುಳಿತು ಹುಡುಕುತ್ತಿದ್ದೆ. ಬಳಸುವವರು ಕಾಯುತ್ತಿದ್ದಾರೆ ಎಂಬ ಆ ಒತ್ತಡ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ನಡುವಿನ ವರ್ಷಗಳಲ್ಲಿ ಏನು ಮಾಡಿದಿರಿ ಎಂದು ಸಂದರ್ಶನದಲ್ಲಿ ಕೇಳಿದಾಗ ತೋರಿಸಿದ್ದು ಅದನ್ನೇ.

ನಿಮ್ಮ ಮನೆಯಲ್ಲಿ ಅಂಥ ಯಾವ ಲೆಕ್ಕವಿದೆ ಎಂದು ಬರೆಯಿರಿ. ಎಲ್ಲಿಂದ ಶುರು ಮಾಡಬೇಕೆಂದು ಇಬ್ಬರೂ ಕೂಡಿ ಯೋಚಿಸೋಣ.