ಪೇರ್ ಹಣ್ಣೇ ಏಕೆ?

ಹುಬ್ಬಳ್ಳಿಯ ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಸ್ಯಾಮ್ಯುಯೆಲ್ ಬಾಕ್ ಅವರ ಚಿತ್ರ ನೋಡಿದೆ. ನಾಜಿಗಳಿಂದ ಬಾಲ್ಯದಲ್ಲೇ ಪಾರಾಗಿ ಬಂದ ಯಹೂದಿ ಕಲಾವಿದರು ಕಂಡದ್ದನ್ನು ಕಂಡಂತೆ ಬರೆಯದೆ ಪೇರ್ ಹಣ್ಣು, ಚದುರಂಗದ ಕಾಯಿ, ಆಟಿಕೆ ಕರಡಿ ಎಂದು ಇಷ್ಟು ನಯವಾಗಿ ಬರೆದರೆ ಸತ್ತವರಿಗೆ ನ್ಯಾಯ ಸಂದೀತೇ?’

ಮಾನ್ಯರೇ, ತಮ್ಮ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಂಡದ್ದನ್ನು ಕಂಡಂತೆ ಬರೆದವರೂ ಇದ್ದಾರೆ. ಥಾಮಸ್ ಗೇವ್ ಎಂಬ ಹದಿನೈದರ ಹುಡುಗ ಬುಕೆನ್‌ವಾಲ್ಡ್ ಎಂಬ ನಾಜಿ ಸೆರೆಶಿಬಿರ ಬಿಡುಗಡೆಯಾದ ಮೇಲೆ ಶಿಬಿರದ ದಿನಚರಿಯನ್ನೆಲ್ಲ 79 ಪುಟ್ಟ ಚಿತ್ರಗಳಲ್ಲಿ ದಾಖಲಿಸಿದ. ಅವು ಅಮೂಲ್ಯ, ಅವಕ್ಕೆ ಕೈಮುಗಿಯುತ್ತೇನೆ. ಆದರೆ ಆಶ್‌ವಿಟ್ಜ್ ಎಂಬ ಸಾವಿನ ಶಿಬಿರದಿಂದ ಬದುಕಿ ಬಂದು, 1961ರಲ್ಲಿ ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆಯಲ್ಲಿ ಸಾಕ್ಷಿ ನುಡಿದ ಯೆಹೂದಾ ಬೇಕನ್ ಅವರು 1945ರಲ್ಲಿ ಬರೆದ ಚಿತ್ರವನ್ನು ನೋಡಿ. ಅಲ್ಲಿ ಹೆಣ ಸುಡುವ ಕುಲುಮೆಯ ಚಿಮಣಿಯ ಹೊಗೆಯೊಳಗಿಂದ ತಂದೆಯ ಮುಖ ಮೇಲೇಳುತ್ತದೆ. ಆ ಮುಖ ಬೇಕನ್ ಅವರ ಕಣ್ಣಿಗೆ ಬಿದ್ದದ್ದಲ್ಲ. ಹಾಗೆಂದು ಅದನ್ನು ಸುಳ್ಳೆನ್ನುವ ಧೈರ್ಯ ತಮಗಿದೆಯೇ?

ಬಾಕ್ ಹುಟ್ಟಿದ್ದು 1933ರಲ್ಲಿ, ಇಂದು ಲಿಥುವೇನಿಯಾದಲ್ಲಿರುವ ವಿಲ್ನಾದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಅಲ್ಲಿನ ಕೇರಿಯ, ಅಂದರೆ ಗೆಟ್ಟೋ ಒಳಗೇ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಕಾಗದಕ್ಕೂ ಬರವಿದ್ದ ಆ ದಿನಗಳಲ್ಲಿ ಸುಟ್ಸ್‌ಕೆವರ್ ಮತ್ತು ಕಚೆರ್ಗಿನ್‌ಸ್ಕಿ ಎಂಬ ಇಬ್ಬರು ಕವಿಗಳು ಯಹೂದಿ ಸಮುದಾಯದ ಹಳೆಯ ದಾಖಲೆ ಪುಸ್ತಕವನ್ನೇ, ಅವರು ಪಿಂಕಸ್ ಎನ್ನುವ ಕಡತವನ್ನೇ, ಹುಡುಗನ ಕೈಗಿತ್ತರು. ಹಿರಿಯರ ಕೈಬರಹದ ಅಂಚಿನಲ್ಲೂ ಖಾಲಿ ಹಾಳೆಗಳಲ್ಲೂ ಅವನು ಚಿತ್ರ ತುಂಬಿದ. ಮುಂದೆ ಜರ್ಮನ್ ಸೇನೆಯ ವಾಹನ ದುರಸ್ತಿಗಾಗಿದ್ದ ಎಚ್‌ಕೆಪಿ ಎಂಬ ದುಡಿಮೆಯ ಶಿಬಿರದಲ್ಲಿ ನಾಜಿಗಳು ಮಕ್ಕಳನ್ನು ಹಿಡಿದೊಯ್ದಾಗ ತಂದೆ ಮಗನನ್ನು ಮರದ ಹೊಟ್ಟು ತುಂಬುವ ಚೀಲದಲ್ಲಿ ಮುದುಡಿಸಿ ಕೂರಿಸಿ ಹೊರಗೆ ಸಾಗಿಸಿದರು. ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಡಗಿ ತಾಯಿ, ಮಗ ಉಳಿದರು. 1944ರ ಜುಲೈನಲ್ಲಿ, ಸೋವಿಯತ್ ಕೆಂಪು ಸೇನೆ ಊರು ಸೇರಲು ಕೆಲವೇ ದಿನಗಳಿರುವಾಗ, ನಾಜಿಗಳು ತಂದೆಯನ್ನು ಗುಂಡಿಕ್ಕಿ ಕೊಂದರು.

ಈಗ ಮತ್ತೆ ಆ ಪೇರ್ ಹಣ್ಣನ್ನು ನೋಡಿ. ಮನೆಯಷ್ಟು ದೊಡ್ಡದಾಗಿ ಬೆಳೆದ, ಕಲ್ಲಾಗಿ ಹೋದ, ಒಡೆದು ಮತ್ತೆ ತೇಪೆ ಹಾಕಿಸಿಕೊಂಡ, ಯಾರೂ ತಿನ್ನಲಾಗದ ಹಣ್ಣದು. ಬಾಕ್ ಅವರ ಚದುರಂಗದ ಕಾಯಿಗಳಿಗೆ ಆಡುವ ಮಣೆಯೇ ಸರಿಯಿಲ್ಲ. ವಾರ್ಸಾ ಗೆಟ್ಟೋದ ಛಾಯಾಚಿತ್ರದಲ್ಲಿ ಕೈ ಮೇಲೆತ್ತಿ ನಿಂತ ಹುಡುಗನನ್ನು ಅವರು ಮತ್ತೆ ಮತ್ತೆ, ಒಮ್ಮೆ ಕಲ್ಲಿನಲ್ಲಿ ಕಡೆದಂತೆ, ಒಮ್ಮೆ ಹಲಗೆಗಳನ್ನು ಜೋಡಿಸಿದಂತೆ ಬರೆದರು. ಆ ನಯವಾದ ಕುಂಚದಿಂದಲೇ ನನಗೆ ಮೈ ಜುಮ್ಮೆನ್ನುವುದು. ರಕ್ತ ಚೆಲ್ಲಿದ್ದರೆ ನಾವು ‘ಅಯ್ಯೋ’ ಎಂದು ಪುಟ ತಿರುವಿಬಿಡುತ್ತಿದ್ದೆವು. ತಾವು ಪುಟ ತಿರುವಲಿಲ್ಲ, ಎರಡು ಹಾಳೆ ಪತ್ರ ಬರೆದಿರಿ.

ಬದುಕುಳಿದವನು ಆಯುಷ್ಯವಿಡೀ ಸಾಕ್ಷಿಕಟ್ಟೆಯಲ್ಲೇ ನಿಂತಿರಬೇಕೆಂದು ಬಯಸುವ ಹಕ್ಕನ್ನು ನಮಗೆ ಯಾರು ಕೊಟ್ಟರು? ಈ ದೋಷ ತಮ್ಮೊಬ್ಬರದ್ದಲ್ಲ. ಪ್ರದರ್ಶನಕ್ಕೆ ಹೋದರೆ ನಮ್ಮ ಜನ ಚಿತ್ರಕ್ಕಿಂತ ಮೊದಲು ಅದರ ಕೆಳಗಿನ ಚೀಟಿ ಓದುತ್ತಾರೆ, ಆಮೇಲೆ ‘ಇದರ ಅರ್ಥವೇನು’ ಎಂದು ಕಲಾವಿದನನ್ನೇ ಹಿಡಿದು ನಿಲ್ಲಿಸುತ್ತಾರೆ. ಕವಿತೆಗೆ ಭಾವಾರ್ಥ ಬರೆಸಿ ಅಂಕ ಕೊಟ್ಟ ಶಾಲೆಗಳಿಂದ ಬಂದ ನಮಗೆ ಚಿತ್ರದ ಮುಂದೆ ಸುಮ್ಮನೆ ಐದು ನಿಮಿಷ ನಿಲ್ಲುವುದೂ ಶಿಕ್ಷೆಯಾಗಿದೆ. ಪತ್ರಿಕೆಗಳವರಾದ ನಾವಂತೂ ಜಾಹೀರಾತು ಬಾರದೆ ಉಳಿದ ಜಾಗಕ್ಕೆ ಕಲೆಯನ್ನು ತುರುಕಿ ಕೈತೊಳೆದುಕೊಳ್ಳುತ್ತೇವೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಳೆದ ಸಂಚಿಕೆಯಲ್ಲಿ ಚಿತ್ರದ ಎಡಬದಿಯನ್ನು ಪುಟಕ್ಕೆ ಹೊಂದಿಸಲು ಕತ್ತರಿಸಿದ್ದಲ್ಲದೆ, ಅಡಿಬರಹದಲ್ಲಿ ಪೇರ್ ಹಣ್ಣನ್ನು ‘ಪೇರಲೆ’ ಎಂದು ಅಚ್ಚು ಹಾಕಿದ್ದೆವು. ತಾವು ದಾಕ್ಷಿಣ್ಯದಿಂದ ಅದನ್ನು ಎತ್ತಲಿಲ್ಲ. ಮುಂದಿನ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಅದೇ ಚಿತ್ರ ಕತ್ತರಿಯಿಲ್ಲದೆ, ಅಡಿಬರಹವೂ ಇಲ್ಲದೆ ಬರುತ್ತದೆ. ಆಗ ಮತ್ತೊಂದು ಪತ್ರ ಬರೆಯಿರಿ.